ಮಿಲಿಟರಿ ಅಜ್ಜನ ಬಗ್ಗೆ ಎರಡು ಮಾತು

ತೀರ್ಥಹಳ್ಳಿ ಕಡೆಯ, 1971ರ ಯುದ್ಧಕ್ಕೆ ಹೋಗಿದ್ದ ಅಜ್ಜ ತೀರಿಕೊಂಡ ಸುದ್ದಿ ಓದಿ ಬೇಜಾರಾಯ್ತು. ನಮ್ಮ ಪಕ್ಕದ ಮನೆಯವರೇ. ಲೇಖನದಲ್ಲಿ ಪದಕದ ವಿಷಯವೇ ಜಾಸ್ತಿ ಬಂದಿದೆ. ನಮಗೆ ನೆನಪಿರುವುದು ಅಡಿಕೆ ಸುಗ್ಗಿ. ರಾತ್ರಿ ಎಲ್ಲರ ಜೊತೆ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ಕತೆ ಕೇಳಿದರೆ, "ಅದೆಲ್ಲ ಪುಸ್ತಕದಲ್ಲಿದೆ, ಸುಮ್ನೆ ಕೈ ಓಡಿಸು ಮಾರಾಯ" ಅನ್ನುತ್ತಿದ್ದರು. ಯುದ್ಧ 13 ದಿನಕ್ಕೆ ಮುಗಿದರೂ ಅವರ ಕಾಗದ ಊರು ಮುಟ್ಟಲು ತಿಂಗಳು ಹಿಡಿಯಿತಂತೆ. ಇದು ಅಜ್ಜಿ ಹೇಳಿದ್ದು.

ಮೊಮ್ಮಗಳ ಜಡೆ ಹೆಣೆಯುವುದು ಮಾತ್ರ ದಿನಾ ಅಜ್ಜನದೇ ಡ್ಯೂಟಿ. ಬೈತಲೆ ಚೂರು ಸೊಟ್ಟಗಾದರೂ ಪೂರ್ತಿ ಬಿಚ್ಚಿ ಮತ್ತೆ ಶುರು. ಬೂಟಿನ ಲೇಸ್ ತರ ಬಿಗಿಯುತ್ತಾರೆ ಅಂತ ಹುಡುಗಿ ಗೊಣಗುತ್ತಿದ್ದಳು. ಕ್ಯಾಂಟೀನ್ ರಮ್ಮಿನ ವಿಷಯ ಇಲ್ಲಿ ಬೇಡ ಅಲ್ವಾ, ಅಜ್ಜಿಗೆ ಯಾರಾದರೂ ಓದಿ ಹೇಳುತ್ತಾರೆ.