ಎರಡು ವಾರದ ಕೆಮ್ಮು, ಮೂವತ್ತು ಅಂಕ

ವೈದ್ಯಕೀಯ ಪರಿಷತ್ತಿನಲ್ಲಿ ನನ್ನ ನೋಂದಣಿಯನ್ನು ನವೀಕರಿಸುವ ಹೊತ್ತು ಬಂದಿದೆ. ಮಹಾರಾಷ್ಟ್ರದಲ್ಲಿ ವೈದ್ಯರು ಐದು ವರ್ಷಕ್ಕೊಮ್ಮೆ 30 ಅಂಕ ತೋರಿಸಬೇಕು. ಸಿಎಂಇ ಎಂದು ನಾವು ಕರೆಯುವ ಶಿಕ್ಷಣ ಸಭೆಗಳಿಗೆ ಹೋಗಿ ಕುಳಿತರೆ ಆ ಅಂಕ ಸಿಗುತ್ತದೆ. ನಿನ್ನೆ ರಾತ್ರಿ ಮುಂಬಯಿ ಬಳಿಯ ಡೊಂಬಿವಲಿಯ ಮನೆಯಲ್ಲಿ ಪ್ರಮಾಣಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ಓದಿದೆ. ರೋಬಾಟ್ ನೆರವಿನ ಮಂಡಿ ಶಸ್ತ್ರಚಿಕಿತ್ಸೆ, ಯಕೃತ್ತಿನ ಕಸಿ, ಹೃದಯ ವೈಫಲ್ಯಕ್ಕೆ ಬಂದ ಹೊಸ ಔಷಧ. ಒಳ್ಳೆಯ ವಿಷಯಗಳೇ, ಹೇಳಿಕೊಟ್ಟವರೂ ತಿಳಿದವರು. ಆದರೆ ದಿನಕ್ಕೆ ಐವತ್ತು ಜನ ಬರುವ ನನ್ನ ದವಾಖಾನೆಯ ಬಾಗಿಲು ತಟ್ಟುವುದು ಕೆಮ್ಮು, ಭೇದಿ, ಸೊಂಟನೋವು, ಬಿ.ಪಿ., ಸಕ್ಕರೆ ಕಾಯಿಲೆ, ಗಜಕರ್ಣ. ಐದು ವರ್ಷದ ಆ ಕಾಗದಗಳಲ್ಲಿ ಕೆಮ್ಮಿನ ಹೆಸರು ಒಂದರಲ್ಲೂ ಇರಲಿಲ್ಲ.

ಕೆಮ್ಮನ್ನೇ ಯಾಕೆ ಎತ್ತಿಕೊಂಡೆ ಎಂದು ಹೇಳುತ್ತೇನೆ. ಒಂಬತ್ತು ವರ್ಷದ ಹಿಂದೆ ಬೈಂದೂರು ಕಡೆಯ ಒಬ್ಬ ಹುಡುಗ ಬಂದಿದ್ದ. ಇಲ್ಲಿನ ಹೋಟೆಲೊಂದರಲ್ಲಿ ಕೆಲಸ, ರಾತ್ರಿ ಅದೇ ಹೋಟೆಲಿನ ಅಟ್ಟದ ಮೇಲೆ ಇನ್ನೂ ಎಂಟು ಹುಡುಗರ ಜೊತೆ ಮಲಗುತ್ತಿದ್ದ. ಹತ್ತು ದಿನದ ಕೆಮ್ಮು, ಸಂಜೆಗೆ ಸಣ್ಣ ಜ್ವರ. ಜುಲೈ ತಿಂಗಳು, ಹೊರಗೆ ಮಳೆ, ಒಳಗೆ ಇಪ್ಪತ್ತು ಮಂದಿ ಕಾಯುತ್ತಿದ್ದರು. ನಾನು ಐದು ದಿನಕ್ಕೆ ಲಿವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಟ್ಟೆ. ಕೆಮ್ಮು ಇಳಿಯಿತು, ಹುಡುಗ ಖುಷಿಯಾದ. ಮುಂದಿನ ತಿಂಗಳು ಕೆಮ್ಮು ಮತ್ತೆ ಬಂದಾಗ ಬೇರೆ ಯಾರೋ ಅದೇ ಮಾತ್ರೆಯನ್ನು ಕೊಟ್ಟರು. ಮೂರನೆಯ ತಿಂಗಳು ನನ್ನ ಮುಂದೆ ಬಂದು ಕುಳಿತಾಗ ಅವನ ಅಂಗಿ ಹೆಗಲಿನಿಂದ ಜಾರುತ್ತಿತ್ತು. "ಮೊದಲ ಸಲ ನೀವು ಕೊಟ್ಟ ಮಾತ್ರೆಯಿಂದ ತುಂಬ ಗುಣವಾಗಿತ್ತು ಡಾಕ್ಟರಮ್ಮ, ಅದನ್ನೇ ಇನ್ನೊಮ್ಮೆ ಕೊಡಿ" ಎಂದ. ಕಫ ಪರೀಕ್ಷೆಗೆ ಕಳಿಸಿದೆ. ಕ್ಷಯ.

ಲಿವೊಫ್ಲಾಕ್ಸಸಿನ್ ಇರುವ ಗುಂಪಿನ ಔಷಧಗಳು ಕ್ಷಯದ ರೋಗಾಣುವಿನ ಮೇಲೂ ಕೆಲಸ ಮಾಡುತ್ತವೆ. ಆದರೆ ಐದು ದಿನದ ಒಂಟಿ ಮಾತ್ರೆ ಅದನ್ನು ಕೊಲ್ಲುವುದಿಲ್ಲ, ಕೆಲವು ವಾರ ಅಡಗಿಸಿಡುತ್ತದೆ. ಕೆಮ್ಮು ತಗ್ಗುತ್ತದೆ, ಕಫದಲ್ಲಿ ರೋಗಾಣು ಕಾಣದೆ ಹೋಗಬಹುದು, ರೋಗ ತಿಳಿಯುವುದು ತಡವಾಗುತ್ತದೆ. ಅಷ್ಟೇ ಅಲ್ಲ, ಮಾಮೂಲಿ ಔಷಧಗಳಿಗೆ ಬಗ್ಗದ ಕ್ಷಯಕ್ಕೆಂದು ಕಾದಿಡಬೇಕಾದ ಔಷಧಗಳಲ್ಲಿ ಅದೂ ಒಂದು. ನಾನು ಅದನ್ನು ಮಳೆಗಾಲದ ಕೆಮ್ಮಿಗೆ ಖರ್ಚು ಮಾಡಿದ್ದೆ. ಹುಡುಗ ಆರು ತಿಂಗಳ ಚಿಕಿತ್ಸೆಯಲ್ಲಿ ಗುಣವಾದ. ಆದರೆ ರೋಗ ತಿಳಿಯದೆ ಕಳೆದ ಆ ಮೊದಲ ತಿಂಗಳುಗಳಲ್ಲಿ ಅಟ್ಟದ ಮೇಲೆ ಅವನ ಪಕ್ಕ ಮಲಗಿದವರಲ್ಲಿ ಇನ್ನೊಬ್ಬನಿಗೂ ರೋಗ ತಗುಲಿತ್ತು. ಆ ಚೀಟಿಯ ನಕಲನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಮುಂಬಯಿಯ ವೈದ್ಯರಿಗೆ ಇದು ಹೊಸ ಕಥೆಯಲ್ಲ. ಧಾರಾವಿಯ ನೂರು ಖಾಸಗಿ ವೈದ್ಯರಿಗೆ ಕ್ಷಯದ ಔಷಧ ಬರೆಯಲು ಹೇಳಿದಾಗ ಅವರು 80 ಬಗೆಯ ಚಿಕಿತ್ಸೆ ಬರೆದಿದ್ದರು ಎಂದು 1991ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಸುಮಾರು ಇಪ್ಪತ್ತು ವರ್ಷದ ನಂತರ ಮುಂಬಯಿಯ ಶ್ವಾಸಕೋಶ ತಜ್ಞ ಡಾ. ಜರೀರ್ ಉದ್ವಾಡಿಯಾ ಮತ್ತು ಅವರ ಸಂಗಡಿಗರು ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ 2010ರಲ್ಲಿ ಪ್ರಕಟಿಸಿದರು. ಈ ಸಲ 106 ವೈದ್ಯರು 63 ಬಗೆಯ ಚಿಕಿತ್ಸೆ ಬರೆದರು, ಸರಿಯಾಗಿ ಬರೆದವರು ಆರೇ ಮಂದಿ. ನನ್ನನ್ನು ಅಲುಗಿಸಿದ್ದು ಇನ್ನೊಂದು ವಿವರ. ಆ 106 ಮಂದಿ ಸಿಕ್ಕಿದ್ದು ಒಂದು ಸಿಎಂಇ ಸಭೆಯಲ್ಲಿ! ಕಲಿಯಲೆಂದು ಬಂದ ವೈದ್ಯರು ಅವರು. ಅವರು ಸೋಮಾರಿಗಳಲ್ಲ, ಆಸೆಬುರುಕರೂ ಅಲ್ಲ. ಆ ಸಾಲಿನಲ್ಲಿ ನಾನೂ ಕುಳಿತಿರಬಹುದಾಗಿತ್ತು, ಆ 63ರಲ್ಲಿ ಒಂದು ಚೀಟಿ ನನ್ನದಾಗಿರಬಹುದಾಗಿತ್ತು.

ಆದ್ದರಿಂದ ನನ್ನ ವಾದ ಇಷ್ಟು: ನಮ್ಮಂಥ ವೈದ್ಯರ ಶಿಕ್ಷಣ ಶುರುವಾಗಬೇಕಾದದ್ದು ನಾವು ಬರೆದ ಚೀಟಿಯಿಂದ, ತಜ್ಞರು ತರುವ ಸ್ಲೈಡಿನಿಂದಲ್ಲ.

ನಾಲ್ಕು ವರ್ಷದಿಂದ ಡೊಂಬಿವಲಿ, ಕಲ್ಯಾಣ, ಠಾಣೆಯ ಆರು ಮಂದಿ ವೈದ್ಯರು ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಯಾರದಾದರೂ ಒಬ್ಬರ ದವಾಖಾನೆಯಲ್ಲಿ ಸೇರುತ್ತೇವೆ. ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ತಿಂಗಳಿಗೆ ಒಂದೇ ಕಾಯಿಲೆ. ಪ್ರತಿಯೊಬ್ಬರೂ ಆ ಕಾಯಿಲೆಗೆ ತಾವು ಬರೆದ ಐದು ಚೀಟಿ ತರಬೇಕು, ರೋಗಿಯ ಹೆಸರು ಮುಚ್ಚಿರಬೇಕು. ಒಳ್ಳೆಯದನ್ನು ಆರಿಸಿ ತರುವಂತಿಲ್ಲ, ಸಾಲಾಗಿ ಬಂದ ಐದನ್ನೇ ತರಬೇಕು. ಮೊದಲ ಸಭೆಯಲ್ಲಿ ಚೀಟಿ ತೋರಿಸಲು ಎಲ್ಲರಿಗೂ ಎಷ್ಟು ಸಂಕೋಚವಾಯಿತೆಂದರೆ, ಮೇಜಿನ ಮೇಲಿಟ್ಟ ಕಾಗದಗಳನ್ನು ಅರ್ಧ ಗಂಟೆ ಯಾರೂ ಮುಟ್ಟಲಿಲ್ಲ.

ಬಿ.ಪಿ.ಯ ತಿಂಗಳು ನಾವು ಔಷಧದ ಮಾತಿಗೇ ಬರಲಿಲ್ಲ. ನಮ್ಮಲ್ಲೇ ಒಬ್ಬರನ್ನು ಕೂರಿಸಿ ಉಳಿದ ಐವರೂ ಅಳೆದೆವು. ಹತ್ತು ನಿಮಿಷದೊಳಗೆ ಒಂದೇ ತೋಳಿನಲ್ಲಿ 128ರಿಂದ 146ರವರೆಗೆ ಬಂತು. ಒಬ್ಬರು ಅಂಗಿಯ ಮೇಲೆಯೇ ಪಟ್ಟಿ ಸುತ್ತಿದ್ದರು, ಒಬ್ಬರು ಅಳೆಯುತ್ತಲೇ ಮಾತಾಡಿಸುತ್ತಿದ್ದರು, ನಾನು ತೋಳನ್ನು ಜೋತುಬಿಡಲು ಬಿಟ್ಟಿದ್ದೆ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಡಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ ಅಳೆಯಬೇಕು ಎಂಬುದು ನಮಗೆಲ್ಲ ಬಾಯಿಪಾಠ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದೂ ಗೊತ್ತು. 140 ದಾಟಿದರೆ ಜೀವನವಿಡೀ ಮಾತ್ರೆ ಎನ್ನುವ ನಾವು ಆ 140ನ್ನು ಹೀಗೆ ಅಳೆಯುತ್ತಿದ್ದೆವು. ಮರುದಿನವೇ ನನ್ನ ದವಾಖಾನೆಯ ಸ್ಟೂಲನ್ನು ತೆಗೆಸಿ ಬೆನ್ನಿರುವ ಕುರ್ಚಿ ಹಾಕಿಸಿದೆ.

ಭೇದಿಯ ತಿಂಗಳು ಚೀಟಿಗಳೆಲ್ಲ ಸರಿಯಾಗಿದ್ದವು. ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ಓಆರ್‌ಎಸ್ ಇತ್ತು, ಮಕ್ಕಳಿಗೆ 14 ದಿನ ಸತುವಿನ ಮಾತ್ರೆಯೂ ಇತ್ತು. ತಪ್ಪು ಚೀಟಿಯ ಆಚೆ ಇತ್ತು. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ತಾಯಂದಿರನ್ನು ಮನೆಯಲ್ಲಿ ಹೇಗೆ ಕಲಸಿದಿರಿ ಎಂದು ಕೇಳಿದೆವು. ಒಂದು ಲೀಟರ್ ನೀರಿಗೆ ಹಾಕಬೇಕಾದ ಪೊಟ್ಟಣವನ್ನು ಅನೇಕರು ಒಂದು ಲೋಟಕ್ಕೆ ಸುರಿದಿದ್ದರು. ಅಷ್ಟು ಗಟ್ಟಿ ಉಪ್ಪುನೀರು ಮಗುವಿಗೆ ಅಪಾಯ. ಪೊಟ್ಟಣದ ಮೇಲಿನ ಬರಹ ಅವರಿಗೆ ಓದಲು ಬರುವ ಭಾಷೆಯಲ್ಲಿರಲಿಲ್ಲ. ಈಗ ಮೇಜಿನ ಮೇಲೆ ಒಂದು ಲೀಟರಿನ ಖಾಲಿ ಬಾಟಲಿ ಇಟ್ಟಿದ್ದೇನೆ. "ಇದರ ತುಂಬ ನೀರು ಹಾಕಿ ಇಡೀ ಪುಡಿ ಕಲಸವ್ವ" ಎಂದು ಬಾಟಲಿಯನ್ನು ಕೈಗೇ ಕೊಟ್ಟು ಹೇಳುತ್ತೇನೆ.

ಕೆಮ್ಮಿಗೆ ಎರಡು ತಿಂಗಳು ಹಿಡಿಯಿತು, ಅದು ನಿಜಕ್ಕೂ ಕಷ್ಟದ ವಿಷಯ. ನೆಗಡಿಯ ಬೆನ್ನಿಗೆ ಬರುವ ಸಾಮಾನ್ಯ ಕೆಮ್ಮು ಸರಾಸರಿ 18 ದಿನ ಇರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಜನ ಒಂದು ವಾರದಲ್ಲಿ ಹೋಗಬೇಕು ಎಂದುಕೊಂಡಿರುತ್ತಾರೆ, ಹೋಗದಿದ್ದರೆ ಗಟ್ಟಿ ಔಷಧ ಕೇಳುತ್ತಾರೆ. ಇನ್ನೊಂದು ಕಡೆ, ಎರಡು ವಾರ ದಾಟಿದ ಕೆಮ್ಮನ್ನು ಕ್ಷಯಕ್ಕಾಗಿ ಪರೀಕ್ಷಿಸಲೇಬೇಕು. ಈ ಎರಡರ ನಡುವೆ ಸಿಕ್ಕಿಕೊಂಡಾಗಲೇ ನಾವು ಆ್ಯಂಟಿಬಯಾಟಿಕ್ ಬರೆದು ಕೈ ತೊಳೆದುಕೊಳ್ಳುವುದು. ನಮ್ಮ ಗುಂಪು ಒಂದು ಪದ್ಧತಿ ಮಾಡಿಕೊಂಡಿದೆ. ಉಸಿರಾಟ, ನಾಡಿ, ಎದೆಯ ಸದ್ದು ಸರಿಯಿದ್ದರೆ ಮೊದಲ ಭೇಟಿಯಲ್ಲಿ ಆ್ಯಂಟಿಬಯಾಟಿಕ್ ಇಲ್ಲ. ಕೆಮ್ಮು ಎರಡು ವಾರ ತುಂಬುವ ದಿನವನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಯುತ್ತೇವೆ. ಆ ದಿನಕ್ಕೂ ಕೆಮ್ಮಿದ್ದರೆ ಕಫ ಪರೀಕ್ಷೆ, ಎಕ್ಸ್‌ರೇ. ತೂಕ ಇಳಿದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಮನೆಯಲ್ಲಿ ಕ್ಷಯವಿದ್ದರೆ ಕಾಯುವ ಮಾತೇ ಇಲ್ಲ. ಹೀಗೆ ತಾರೀಕು ಬರೆಸಿಕೊಂಡು ಹೋದವರು ಮರಳಿ ಬರುತ್ತಾರೆ. ಮಾತ್ರೆ ಕೊಡದಿದ್ದರೆ ರೋಗಿ ಕೈಬಿಟ್ಟು ಹೋಗುತ್ತಾನೆ ಎಂಬ ನನ್ನ ಇಪ್ಪತ್ತು ವರ್ಷದ ಭಯ ಈ ಒಂದು ತಾರೀಕಿನಿಂದ ಕರಗಿತು.

ಔಷಧ ಕಂಪನಿಗಳ ಖರ್ಚಿನ ಸಭೆಗಳ ಬಗ್ಗೆಯೂ ಒಂದು ಮಾತು. ಅಂಥ ಪ್ರಾಯೋಜಿತ ಸಭೆಗಳಿಂದ ವೈದ್ಯರು ದೂರವಿರಬೇಕೆಂಬ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ತಂದಿತು, ಅದೇ ತಿಂಗಳ 23ರಂದು ತಡೆಹಿಡಿಯಿತು. ನನಗೆ ಇದು ಬಹಳ ನೋವು ತಂದಿತು. ಓಆರ್‌ಎಸ್ ಕಲಸುವುದನ್ನು, ಪಟ್ಟಿ ಕಟ್ಟುವುದನ್ನು ಹೇಳಿಕೊಡಲು ಯಾವ ಕಂಪನಿ ಸಭಾಂಗಣ ಬಾಡಿಗೆಗೆ ಹಿಡಿಯುತ್ತದೆ? ಅದರಲ್ಲಿ ಮಾರಲು ಏನೂ ಇಲ್ಲ.

ನಮ್ಮ ಭಾನುವಾರದ ಸಭೆಗೆ ಅಂಕವಿಲ್ಲ. ಅದಕ್ಕೂ ಅಂಕ ಸಿಗಬೇಕು ಎಂದು ನಾನು ಒತ್ತಾಯಿಸುತ್ತೇನೆ. ಚೀಟಿಗಳನ್ನು ಪರಿಷತ್ತಿನವರು ಬೇಕಾದರೆ ನೋಡಲಿ, ಆರು ತಿಂಗಳ ಹಿಂದಿನವನ್ನೂ ಇಂದಿನವನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ಅಳೆಯಲಿ. ಸಹಿ ಮಾಡಿ ಊಟಕ್ಕೆ ಎದ್ದುಹೋದವರಿಗೆ ಸಿಗುವ ಅಂಕ ಇದಕ್ಕೂ ಸಿಗುವುದು ನ್ಯಾಯ.

ಈ ತಿಂಗಳ ವಿಷಯ ಗಜಕರ್ಣ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ ಹಚ್ಚಿ ತೊಡೆಸಂದು, ಸೊಂಟದಲ್ಲೆಲ್ಲ ಹರಡಿಕೊಂಡು ಬರುವವರು ವಾರಕ್ಕೆ ಹತ್ತು ಮಂದಿಯಾದರೂ ಇದ್ದಾರೆ. ಆ ಮುಲಾಮನ್ನು ಬರೆದವರಲ್ಲಿ ನಾವೂ ಇದ್ದೇವೆ. ಠಾಣೆಯಿಂದ ಕಲ್ಯಾಣದವರೆಗಿನ ಕನ್ನಡದ ವೈದ್ಯಮಿತ್ರರು ಯಾರಾದರೂ ಬರುವುದಾದರೆ ನನಗೆ ಸಂದೇಶ ಕಳಿಸಿ. ಕೊನೆಯ ಐದು ಗಜಕರ್ಣದ ಚೀಟಿ ತನ್ನಿ, ಹೆಸರಿನ ಮೇಲೆ ಕಾಗದ ಅಂಟಿಸಿರಿ, ಮಧ್ಯಾಹ್ನ ಮೂರಕ್ಕೆ ಶುರು ಮಾಡುತ್ತೇವೆ.