ಮೌಸ್ ಬಂದವರ ಕೈಯಲ್ಲಿರಲಿ

ವಿಂಡೋಸಿನ ಬದಲಿಗೆ ಕಂಪ್ಯೂಟರನ್ನು ನಡೆಸಬಲ್ಲ ಲಿನಕ್ಸ್ ತಂತ್ರಾಂಶದ ಪರಿಚಯದ ಶಿಬಿರಗಳಿಗೆ ಸ್ವಯಂಸೇವಕರಾಗಿ ಹೋಗುವ ನಮ್ಮ ಕಾಸರಗೋಡಿನ ಗೆಳೆಯರಲ್ಲಿ ಒಂದು ಬಿನ್ನಹ. ದಯವಿಟ್ಟು ಇತಿಹಾಸದಿಂದ ಶುರು ಮಾಡಬೇಡಿ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ, ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶಕ್ಕಾಗಿ ಗ್ನು ಯೋಜನೆಯನ್ನು ಘೋಷಿಸಿದ್ದು, 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳಾದ ತನ್ನ ಕರ್ನೆಲ್ಲನ್ನು ಲೋಕದ ಮುಂದಿಟ್ಟದ್ದು ನನಗೂ ಬಹಳ ಪ್ರೀತಿಯ ಕತೆಗಳು. ಆದರೆ ಅಡಿಕೆ ಸುಲಿಯುವುದನ್ನು ಅರ್ಧಕ್ಕೆ ಬಿಟ್ಟು ಊರಿನ ವಾಚನಾಲಯಕ್ಕೆ ಬಂದು ಕುಳಿತವರಿಗೆ ಅವು ಎರಡನೆಯ ದಿನಕ್ಕಾದರೂ ಸಾಕು. ಮೊದಲು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಮೌಸ್ ಅವರ ಕೈಗೆ ಕೊಡಿ, ನೀವು ಕೈಕಟ್ಟಿ ಪಕ್ಕದಲ್ಲಿ ನಿಲ್ಲಿ.

ಹೀಗೆ ಮಾಡಿದಾಗ ಏನಾಗುತ್ತದೆ ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ನಿವೃತ್ತ ಅಧ್ಯಾಪಕರೊಬ್ಬರು ಪರದೆಯ ಮುಂದೆ ಕುಳಿತಿದ್ದರು. ಭಾಷಾ ಗುಂಡಿ ಒತ್ತಿ ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಟ್ಟದ್ದಷ್ಟೇ ನಮ್ಮ ಕೆಲಸ. ಅವರು ತಮ್ಮ ಪಂಚಾಯತಿನ ಹೆಸರು ಬರೆಯತೊಡಗಿದರು: ಎಣ್ಮಕಜೆ. ಮೊದಲು 'ಎಣಮಕಜೆ' ಎಂದು ಮೂಡಿತು. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಕೀಲಿ ಒತ್ತಬೇಕು ಎಂದೆವು. ಅಳಿಸಿ ಮತ್ತೆ ಹೊಡೆದರು. ಎಫ್ ಒತ್ತಿದಾಗ ಣಕಾರ ಅರ್ಧವಾಯಿತು, ಮಕಾರ ಹೊಡೆದದ್ದೇ ಅದು ಕೆಳಗೆ ಹೋಗಿ ಕುಳಿತುಕೊಂಡಿತು. ಆಮೇಲೆ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. ಮನೆಯ ಹೆಸರು, ಮೊಮ್ಮಗಳ ಹೆಸರು, ಊರಿನ ದೇವಸ್ಥಾನದ ಹೆಸರು ಎಲ್ಲ ಬರೆದರು. ಟರ್ಮಿನಲ್ ಕಿಟಕಿಯಲ್ಲಿ ಆಜ್ಞೆಗಳನ್ನು ಸರಸರನೆ ಹೊಡೆದು ತೋರಿಸಿದ್ದರೆ ಅವರು ಸೌಜನ್ಯಕ್ಕೆ ತಲೆಯಾಡಿಸಿ ಹೋಗುತ್ತಿದ್ದರು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸದೇ ಅಲ್ಲ. 2001ರಲ್ಲಿ ಆರಂಭವಾದ 'ಐಟಿ ಅಟ್ ಸ್ಕೂಲ್' ಯೋಜನೆ, 2017ರಿಂದ ಅದರ ಜಾಗಕ್ಕೆ ಬಂದ 'ಕೈಟ್' ಸಂಸ್ಥೆ ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ನೆಲೆಗೊಳಿಸಿವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ, ಅಂದರೆ ಕಂಪ್ಯೂಟರ್ ಕಲಿಕೆಯ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಬರಹಕ್ಕೆ ಲಿಬ್ರೆಆಫೀಸ್, ಚಿತ್ರಕ್ಕೆ ಜಿಂಪ್, ಗಣಿತಕ್ಕೆ ಜಿಯೋಜೀಬ್ರಾ ಇವೆಲ್ಲ ಅವರಿಗೆ ಪಾಟಿ ಬಳಪದಷ್ಟು ಸಲೀಸು. ಹತ್ತನೆಯ ತರಗತಿ ದಾಟಿದ ಮೇಲೆ ಅದೇ ಮಗು ಮನೆಯಲ್ಲಿ ಕಾಣುವುದು ಯಾರೋ ಹಾಕಿಕೊಟ್ಟ ಕಳ್ಳ ಪ್ರತಿಯ ವಿಂಡೋಸ್. ಶಾಲೆಯಲ್ಲಿ ಕಲಿತದ್ದು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಹೊಸಬರು ಎಂದರೆ ಮಕ್ಕಳಿಗಿಂತ ಹೆಚ್ಚಾಗಿ ಅವರ ತಂದೆತಾಯಿ, ಊರಿನ ಡಿಟಿಪಿ ಅಂಗಡಿಯವರು, ಸಂಘದ ಕಾರ್ಯದರ್ಶಿ. ಶಿಬಿರಕ್ಕೆ ಎಂಟನೆಯ ತರಗತಿಯ ಹುಡುಗಿಯನ್ನು ಅವಳ ಅಮ್ಮನ ಜೊತೆ ಕರೆಯಿರಿ. ನಮಗಿಂತ ಚೆನ್ನಾಗಿ ಅವಳೇ ತೋರಿಸುತ್ತಾಳೆ.

ಡಿಟಿಪಿಯವರ ವಿಷಯಕ್ಕೆ ಬಂದರೆ ನಿಜವಾದ ತೊಡಕು ಎದುರಾಗುತ್ತದೆ, ಅದನ್ನು ಮುಚ್ಚಿಡುವುದು ಅನ್ಯಾಯ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘದ ವರದಿ ಹೀಗೆ ವರ್ಷಗಟ್ಟಲೆಯ ಕೆಲಸ ಅವರಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿರುತ್ತದೆ. ಅಂಥ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. 'ನೋಡಿ, ನಿಮ್ಮ ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ' ಎಂದು ಅವರು ಎದ್ದು ಹೋಗುತ್ತಾರೆ. ಇಲ್ಲಿ ಎರಡು ನಿಮಿಷ ತಾಳ್ಮೆಯಿಂದ ವಿವರಿಸಬೇಕು. ಆ ಫೈಲಿನೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ, ಅವುಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದುದು ಆ ಒಂದು ಫಾಂಟ್. ಫಾಂಟ್ ಇಲ್ಲದ ಮೊಬೈಲಿನಲ್ಲೂ ಅದೇ ಗತಿ. ಇಂಥ ಫೈಲನ್ನು ಯುನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವ ಮುಕ್ತ ಪರಿವರ್ತಕಗಳಿವೆ. ಅವರ ಫೈಲನ್ನೇ ಅವರೆದುರು ಬದಲಾಯಿಸಿ ತೋರಿಸಿ. ಅರ್ಕಾವೊತ್ತು ಇರುವಲ್ಲೆಲ್ಲ ಕರಡು ತಿದ್ದಲೇಬೇಕು ಎನ್ನುವುದನ್ನೂ ಹೇಳಿ: ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ವ್ಯಂಜನದ ಬಳಿಕ ಕೂರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ, ಅಲ್ಲಿ ಪರಿವರ್ತಕ ಎಡವುವುದುಂಟು.

ಹಾಗೆಯೇ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು ಬಂದರೆ ಅದು ಲಿನಕ್ಸಿನಲ್ಲಿ ನೇರವಾಗಿ ನಡೆಯುವುದಿಲ್ಲ ಎಂದು ನೇರವಾಗಿ ಹೇಳಿ ಕಳುಹಿಸಿ. ಸುಳ್ಳು ಭರವಸೆಯ ಮೇಲೆ ಲಿನಕ್ಸ್ ಹಾಕಿಸಿಕೊಂಡವರು ಮರುವಾರವೇ ತೆಗೆಸುತ್ತಾರೆ, ಊರಿಡೀ ಸುದ್ದಿಯನ್ನೂ ಹಬ್ಬಿಸುತ್ತಾರೆ. ಯಾರ ಹಾರ್ಡ್ ಡಿಸ್ಕನ್ನೂ ಮೊದಲ ದಿನವೇ ಮುಟ್ಟಬೇಡಿ. ಎಂಟು ಜಿಬಿಯ ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಕಂಪ್ಯೂಟರಿನಲ್ಲಿ ಅಳವಡಿಸದೆಯೇ, ಓಡಿಸಿದರೆ ಅವರ ಒಂದು ಫೋಟೊ ಕೂಡ ಅಲುಗುವುದಿಲ್ಲ. ಕನ್ನಡ ಕೀಲಿಮಣೆಯನ್ನು ಮಾತ್ರ ಮೊದಲೇ ಅಳವಡಿಸಿ ಪರೀಕ್ಷಿಸಿಕೊಂಡು ಹೋಗಿ. ಗ್ರಾಮೀಣ ಭಾಗದಲ್ಲಿ ಆ ಹೊತ್ತಿಗೆ ಇಂಟರ್‌ನೆಟ್ ಸಿಗುತ್ತದೆಂದು ನಂಬಿ ಕೂರಬಾರದು.

ಇದಕ್ಕೆ ಈಗ ಒಳ್ಳೆಯ ಕಾಲವೂ ಹೌದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಯಂತ್ರಗಳನ್ನು ಒಪ್ಪಿಕೊಳ್ಳುವುದಿಲ್ಲ. ಗಟ್ಟಿಮುಟ್ಟಾದ ಎಷ್ಟೋ ಕಂಪ್ಯೂಟರುಗಳು ಗುಜರಿಗೆ ಹೋಗಲು ತಯಾರಾಗಿವೆ, ಅವುಗಳಲ್ಲಿ ಲಿನಕ್ಸ್ ಓಡಿಸಬಹುದು.

ನನ್ನನ್ನು ಈ ಕೆಲಸಕ್ಕೆ ಎಳೆಯುವುದು ಮಾತ್ರ ಉಳಿತಾಯದ ಲೆಕ್ಕವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಭಾಷಾ ಅಲ್ಪಸಂಖ್ಯಾತರು. ಅರ್ಜಿ ನಮೂನೆ ಕನ್ನಡದಲ್ಲಿ ಕೊಡಿ, ಫಲಕ ಕನ್ನಡದಲ್ಲಿ ಹಾಕಿ ಎಂದು ಮನವಿ ಬರೆಯುತ್ತಲೇ ತಲೆಮಾರುಗಳು ಕಳೆದವು. ಲಿನಕ್ಸಿನ ಪರದೆಯನ್ನು ರೂಪಿಸುವ ಗ್ನೋಮ್, ಕೆಡಿಇ ಹಾಗೂ ಲಿಬ್ರೆಆಫೀಸ್‌ಗಳ ಮೆನುವಿನಲ್ಲಿ ಒಂದು ಕನ್ನಡ ಪದ ಇಲ್ಲದಿದ್ದರೆ ಯಾರಿಗೂ ಮನವಿ ಸಲ್ಲಿಸಬೇಕಾಗಿಲ್ಲ. ಪೆರ್ಲದ ಹುಡುಗನೊಬ್ಬ ಇಂದೇ ಅನುವಾದಿಸಿ ಕಳುಹಿಸಬಹುದು, ಪರಿಶೀಲನೆಯಾದ ಮೇಲೆ ಅದು ಜಗತ್ತಿನ ಎಲ್ಲ ಕನ್ನಡಿಗರ ಪರದೆಗೂ ಬರುತ್ತದೆ. ತುಳುವಿಗೂ ಈ ಬಾಗಿಲು ತೆರೆದಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ. ಅದಕ್ಕೊಂದು ಕೀಲಿಮಣೆ ವಿನ್ಯಾಸ ಮಾಡಿ ಹಂಚಲು ಯಾವ ಕಂಪನಿಯ ಕೃಪೆಯೂ ಬೇಕಿಲ್ಲ.

ಆದ್ದರಿಂದ ಮುಂದಿನ ಶಿಬಿರದಲ್ಲಿ ಒಂದು ಮೇಜನ್ನು ಅನುವಾದಕ್ಕೆಂದೇ ಮೀಸಲಿಡೋಣ ಎಂಬುದು ನನ್ನ ಸಲಹೆ. ಕನ್ನಡ ಅಧ್ಯಾಪಕರು, ಪದಗಳ ಮೇಲೆ ಅಕ್ಕರೆ ಇರುವ ಯಾರೇ ಆದರೂ ಬನ್ನಿ, ಕಂಪ್ಯೂಟರ್ ಜ್ಞಾನ ಬೇಕಾಗಿಲ್ಲ. ಹಳೆಯ ನುಡಿ ಫೈಲುಗಳಿದ್ದವರು ಅವುಗಳ ಪ್ರತಿಯನ್ನು ತನ್ನಿ, ಮೂಲವನ್ನು ಮನೆಯಲ್ಲೇ ಇಡಿ. ಬರುವವರು ಕೆಳಗೆ ನಿಮ್ಮ ಊರಿನ ಹೆಸರು ಬರೆಯಿರಿ. ಯಾವ ವಾಚನಾಲಯ ಎಲ್ಲರಿಗೂ ಹತ್ತಿರವೋ ಅಲ್ಲೇ ಸೇರೋಣ.