ಬಿಸಿಲು ಪುಕ್ಕಟೆ, ಕೊಟೇಶನ್ ಮೂರು

ಮೇ ತಿಂಗಳ ಮೊದಲ ವಾರ ಮೀಟರ್ ಓದುವ ಹುಡುಗ ಬಂದು ಬಿಲ್ ಹರಿದು ಕೊಟ್ಟ. ನೋಡದೇ ಮಡಚಿ ಜೇಬಿಗೆ ಹಾಕಿಕೊಂಡೆ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಓದುವ ಪದ್ಧತಿಯೇ ಹೋಗಿದೆ. ಸೊನ್ನೆಯನ್ನು ಏನಂತ ಓದೋದು? ಹುಡುಗ ಮಾತ್ರ ಗೇಟಿನ ಹತ್ತಿರ ನಿಂತು, "ಸರ್, ಈ ಸಲ ಜರಾ ನೋಡ್ಕೋರಿ" ಅಂದ. ಡಾಕ್ಟರು ರಿಪೋರ್ಟ್ ಕೈಗೆ ಕೊಡುವಾಗ ದನಿ ಹಾಗಿರುತ್ತೆ.

312 ಯೂನಿಟ್. 2,540 ರೂಪಾಯಿ.

200 ದಾಟಿದರೆ ಮೇಲಿನ 112ಕ್ಕೆ ಕಟ್ಟಿದರಾಯ್ತು ಅಂತ ನಾನು ತಿಳಿದಿದ್ದೆ. ಹಾಗಲ್ಲ. 200 ದಾಟಿತೋ, ಪೂರ್ತಿ ಬಿಲ್ಲು ನಮ್ಮದೇ. ತಪ್ಪು ಯಾರದು ಅಂತ ಮನೆಯಲ್ಲಿ ವಿಚಾರಣೆ ನಡೆಯಿತು. ಅವ್ವ ಎಸಿ ಕಡೆ ನೋಡಿದಳು. ಹೆಂಡತಿ ಅವ್ವನ ಕೋಣೆಯ ಕೂಲರ್ ಕಡೆ ನೋಡಿದಳು. ಮಗಳು ಫೋನಿನಿಂದ ತಲೆ ಎತ್ತದೆ, "ಕಲಬುರಗಿದೇ ತಪ್ಪು" ಅಂದಳು. ಕೇಸು ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡ್ ಮೇಲಿಂದ ಇಣುಕಿ, "ಸೋಲಾರ್ ಹಾಕ್ಸ್ರಿ. ಮುಫ್ತ್ ಅದ" ಅಂದರು. ಸ್ಕೀಮಿನ ಹೆಸರು ಪಿಎಂ ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆ, 2024ರ ಫೆಬ್ರವರಿಯಲ್ಲಿ ಶುರುವಾದದ್ದು. ನಮ್ಮ ಕಡೆ 'ಮುಫ್ತ್' ಅನ್ನೋದನ್ನ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಪದ ಕಿವಿಗೆ ಬಿದ್ದಮೇಲೆ ಉಳಿದ ಪದ ಬೀಳೋದೂ ಇಲ್ಲ. ಅಸಲಿಗೆ ಮುಫ್ತ್ ಆಗೋದು ಕರೆಂಟು, ಪ್ಯಾನಲ್ಲಲ್ಲ. ಪ್ಯಾನಲ್ಲಿಗೆ ಸಬ್ಸಿಡಿ: ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. ಒಟ್ಟು 78 ಸಾವಿರ. ಅದರ ಮೇಲೆ ನೀವು ಹತ್ತು ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ. ಹಾಗಾಗಿ ಊರಲ್ಲಿ ಯಾರನ್ನು ಕೇಳಿದರೂ ಮೂರು ಅಂತಾರೆ. ನಾನೂ ಮೂರು ಅಂದೆ.

ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ. ಬಿಸಿಲಿಗೆ ಹೆದರಿ ಸರ್ಕಾರವೇ ಮಾಡಿದ ಏರ್ಪಾಡು. ಎರಡು ಗಂಟೆಗೆ ಮನೆಗೆ ಬಂದು, ಉಂಡು, ಫ್ಯಾನ್ ಕೆಳಗೆ ಅಡ್ಡಾಗಬೇಕಾದ ಮನುಷ್ಯ ನಾನು. ಅದನ್ನು ಬಿಟ್ಟು ಕೊಟೇಶನ್ ಕೂಡಿಹಾಕಲು ಹೊರಟೆ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಮಾವಿನ ಹಣ್ಣಿಗೆ ನಾಲ್ಕು ಗಾಡಿ ಸುತ್ತಿ ಭಾವ ಕೇಳಿ ಐದನೇ ಗಾಡಿಯಲ್ಲಿ ಕೊಳ್ಳುವ ವಂಶ ನಮ್ಮದು. ಮೂರು ಕೊಟೇಶನ್ ಏನು ದೊಡ್ಡದು ಅಂದುಕೊಂಡೆ.

ಬಂದವರೆಲ್ಲ ಮೊದಲು ಕೇಳಿದ್ದು ಕರೆಂಟ್ ಬಿಲ್. ಫೈಲಿನಲ್ಲಿ ಹನ್ನೆರಡು ತಿಂಗಳ ಬಿಲ್ಲು ಇದ್ದವು. ನಾನು ಮಾತ್ರ ಆ 2,540ರದ್ದನ್ನೇ ತೆಗೆದು ತೋರಿಸಿದೆ. ಸೊನ್ನೆ ಬಿಲ್ ತೋರಿಸಿದರೆ ಗಿರಾಕಿ ಅಂತ ಯಾರು ಮರ್ಯಾದೆ ಕೊಡ್ತಾರೆ? ಈ ಸಣ್ಣ ಜಂಬಕ್ಕೆ ಕೊನೆಯಲ್ಲಿ ದಂಡ ತೆತ್ತೆ, ಹೇಳ್ತೀನಿ.

ಮೊದಲನೆಯವನು ಇಪ್ಪತ್ತಮೂರು ವರ್ಷದ ಹುಡುಗ. ಭಾನುವಾರ ಬಂದ, ಮೇ ಎರಡನೇ ವಾರ, ಮಧ್ಯಾಹ್ನ 12 ದಾಟಿ ಹದಿನೈದಿಪ್ಪತ್ತು ನಿಮಿಷ ಆಗಿತ್ತು. ಮಾಳಿಗೆ ನೋಡಬೇಕು ಅಂದ. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುವವನನ್ನು ತಡೆಯಬೇಕಿತ್ತು, ಸಂಸ್ಕಾರವಂತ ಅಂತ ಸುಮ್ಮನಾದೆ. ಮಾಳಿಗೆಯ ಬಾಗಿಲು ದಾಟಿದ ಮೊದಲ ಹೆಜ್ಜೆಗೇ ಅವನು ಹಾರಿದ. ಎರಡನೇ ಹೆಜ್ಜೆ ಇಡಲು ತಂಪಾದ ಜಾಗ ಹುಡುಕಿದ. ಆ ಹೊತ್ತಿನಲ್ಲಿ ನಮ್ಮ ಮಾಳಿಗೆ ಮೇಲೆ ಕಾಲಿಡುವಷ್ಟು ತಂಪಾಗಿದ್ದದ್ದು ಒಂದೇ: ಅವ್ವನ ಹಳೇ ಇಳಕಲ್ ಸೀರೆ, ಅದರ ಮೇಲೆ ಆಗಷ್ಟೇ ಇಟ್ಟ ಅಕ್ಕಿ ಸಂಡಿಗೆ.

ಹದಿನೇಳು ಸಂಡಿಗೆ ಹೋದವು. ಅವ್ವ ಎಣಿಸಿದ್ದಾಳೆ.

ಅವ್ವ ಮೇಲೆ ಬಂದು ಅವನ ಮುಖ ನೋಡಿದಳು, ಅಂಟಂಟಾದ ಪಾದ ನೋಡಿದಳು, ಬೈಯಲು ತೆರೆದ ಬಾಯಿ ಮುಚ್ಚಿದಳು. "ಯಾರ ಮಗನಪಾ ನೀ? ಕಾಲು ಸುಟ್ಟವೇನು?" ಅಂದಳು. ಕೆಳಗೆ ಕರೆದೊಯ್ದು ಕಾಲಿಗೆ ನೀರು ಹಾಕಿಸಿ, ಹೋದ ವರ್ಷದ ಸಂಡಿಗೆ ಕರಿದು ಮಜ್ಜಿಗೆ ಜೊತೆ ಕೊಟ್ಟಳು. ನನಗೆ ಏನೂ ಕೊಡಲಿಲ್ಲ. ಅವನನ್ನು ಕರೆಸಿದವನು ನಾನಲ್ವಾ.

ನನ್ನ ಚಪ್ಪಲಿ ಹಾಕಿಕೊಂಡು ಅವನು ಮತ್ತೆ ಮೇಲೆ ಬಂದ. ಟೇಪು ಹಿಡಿದು ಅಳೆದ. ಮೂರು ಕಿಲೋವ್ಯಾಟಿಗೆ ಸುಮಾರು 300 ಚದರ ಅಡಿ ಬೇಕು, ದಕ್ಷಿಣಕ್ಕೆ ಮುಖ ಮಾಡಿರಬೇಕು, ನೆರಳು ಬೀಳಬಾರದು. ಒಂದು ಪ್ಯಾನಲ್ ಮೇಲೆ ನೆರಳು ಬಿದ್ದರೆ ಸಾಲಿನ ಉಳಿದವೂ ಅದರ ಜೊತೆ ಮಂಕಾಗುತ್ತವಂತೆ, ಆಫೀಸಿನಲ್ಲಿ ಒಬ್ಬ ಆಕಳಿಸಿದ ಹಾಗೆ. ವಾಸ್ತು ಪ್ರಕಾರ ನಮ್ಮ ನೀರಿನ ಟ್ಯಾಂಕ್ ನೈಋತ್ಯ ಮೂಲೆಯಲ್ಲಿದೆ. ಹುಡುಗ ಟ್ಯಾಂಕಿನ ಸುತ್ತ ತಿರುಗಿ, "ಸರ್, ನಿಮ್ಮ ಟ್ಯಾಂಕಿಗಿ ನೆಳ್ಳೇ ಇಲ್ಲ!" ಅಂದ. ನಾನೂ ನೋಡಿದೆ. ಖರೆ, ನೆರಳೇ ಇಲ್ಲ. ಮನೆ ಕಟ್ಟಿದ ಮೇಸ್ತ್ರಿಯ ಬಗ್ಗೆ ಹೆಮ್ಮೆ ಆಯಿತು. ಹುಡುಗ ಇಟ್ಟಂಗಿ ಚೂರಿನಿಂದ ಮಾಳಿಗೆ ಮೇಲೆ ಆರು ದೊಡ್ಡ ಡಬ್ಬಿ ಬರೆದ. ಪ್ಯಾನಲ್ ಕೂಡುವ ಜಾಗ.

ಅವನ ಕೊಟೇಶನ್: 540 ವ್ಯಾಟಿನ ಆರು ಪ್ಯಾನಲ್, 1,07,000 ರೂಪಾಯಿ. ಮೂರೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್.

ಎರಡನೆಯವರು ಹೆಂಡತಿಯ ಕಡೆಯವರು. "ನಮ್ಮೋರೇ" ಅಂತ ಪರಿಚಯ. ನಮ್ಮೋರು ಅಂದಮೇಲೆ ಚೌಕಾಸಿ ಮಾಡುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. 335 ವ್ಯಾಟಿನ ಒಂಬತ್ತು ಪ್ಯಾನಲ್, 1,92,000. ನಾನು ಅವರ ಮುಂದೆ ನಮ್ಮೂರ ಬಿಸಿಲಿನ ಹೊಗಳಿಕೆ ಶುರು ಮಾಡಿದೆ. ಬೆಂಗಳೂರಿನ ನೆಂಟರು ಇದೇ ಬಿಸಿಲಿನ ಬಗ್ಗೆ ಮೂವತ್ತು ವರ್ಷದಿಂದ ನಮ್ಮನ್ನು ಆಡಿಕೊಂಡಿದ್ದಾರೆ. ಈಗಲಾದರೂ ಈ 43 ಡಿಗ್ರಿಗೆ ಒಂದು ಬೆಲೆ ಬಂತಲ್ಲ ಅಂದೆ.

"ಮಾಮಾ, ಪ್ಯಾನಲ್ಲಿಗಿ ಬೆಳಕು ಬೇಕು, ಕಾವು ಬ್ಯಾಡ" ಅಂದರು ಅವರು.

ಪ್ಯಾನಲ್ ಮೇಲೆ ಬರೆದಿರುವ ವ್ಯಾಟು 25 ಡಿಗ್ರಿಯಲ್ಲಿ ಅಳೆದದ್ದಂತೆ. ಅದರ ಮೇಲೆ ಒಂದೊಂದು ಡಿಗ್ರಿ ಕಾದ ಹಾಗೂ ಶೇಕಡಾ ಒಂದರ ಮೂರನೇ ಒಂದು ಭಾಗದಷ್ಟು ಇಳಿಯುತ್ತಾ ಹೋಗುತ್ತೆ. ನಮ್ಮ ಮಾಳಿಗೆ ಮೇಲೆ ಪ್ಯಾನಲ್ 65 ಡಿಗ್ರಿ ಮುಟ್ಟಿದರೆ ನೂರಕ್ಕೆ 13ರಷ್ಟು ಕರೆಂಟು ಕಾವಿಗೇ ಹೋಯಿತು. ಪ್ಯಾನಲ್ ಕೂಡ ಬೆಂಗಳೂರಿನ ನೆಂಟರ ಹಾಗೇ ಅಂತ ಗೊತ್ತಾಗಿ ಬಹಳ ಬೇಜಾರಾಯಿತು. ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಬರ್ತದೆ ಅಂತ ಸಮಾಧಾನ ಹೇಳಿದರು.

ಮೂರನೆಯವರು ಬರಲೇ ಇಲ್ಲ. ಫೋನಿನಲ್ಲೇ ಮಾಳಿಗೆ ನೋಡಿದರು. 550 ವ್ಯಾಟಿನ ಆರು, 1,68,000, ವಾಟ್ಸಾಪಿನಲ್ಲಿ ಮೂರು ಪುಟ.

ಈಗ ಹೋಲಿಸಬೇಕು. ಹಳೇ ಕ್ಯಾಲೆಂಡರಿನ ಹಿಂದೆ ಗೆರೆ ಹಾಕಿ ಕೂತೆ. ಹೆಂಡತಿಯ ತಮ್ಮ ನೆರವಿಗೆ ಬಂದ. ಅವನ ಲೆಕ್ಕ ಸರಳ. ಒಟ್ಟು ದುಡ್ಡನ್ನು ಪ್ಯಾನಲ್ ಸಂಖ್ಯೆಯಿಂದ ಭಾಗಿಸಿ, "ಭಾವಾ, ಮೂರನೇದಕ್ಕಿಂತ ಒಂಬತ್ತರದ್ದು ಡಜನ್ ಲೆಕ್ಕದಾಗ ಸಸ್ತಾ ಬೀಳ್ತದ" ಅಂದ. ಬಾಳೆಹಣ್ಣಿಗೆ ಸರಿ. ಇಲ್ಲಿ ವ್ಯಾಟಿನ ಲೆಕ್ಕ ಹಿಡಿಯಬೇಕು ಅಂತ ನನಗೂ ಆವತ್ತೇ ಗೊತ್ತಾದದ್ದು. ಹಾಗೆ ಭಾಗಿಸಿದರೆ ಮೊದಲನೆಯದು ವ್ಯಾಟಿಗೆ 33 ರೂಪಾಯಿ, ಎರಡನೆಯದು 64, ಮೂರನೆಯದು 51. ಹುಡುಗ ಇಷ್ಟು ಕಡಿಮೆಗೆ ಹೇಗೆ ಕೊಡ್ತಾನೆ? ಫೋನ್ ಮಾಡಿದೆ.

"ಸರ್, ಅದು ಸಬ್ಸಿಡಿ ತೆಗದ್ ಹಾಕಿದ್ ರೇಟ್ರಿ. ನೀವು ಮೊದಲ 1,85,000 ಕೊಡ್ರಿ, 78 ಸಾವಿರ ಆಮ್ಯಾಲ ನಿಮ್ಮ ಅಕೌಂಟಿಗೇ ಬರ್ತದ."

ಅಂದರೆ ವ್ಯಾಟಿಗೆ 57. ಕ್ಯಾಲೆಂಡರಿನ ಮೇಲೆ ಹೊಡೆದು ಬರೆದೆ. ಹಾಗಾದರೆ ಮೂರನೆಯದೇ ಸಸ್ತಾ ಆಯ್ತಲ್ಲ ಅಂತ ಆ ಮೂರು ಪುಟ ಕನ್ನಡಕ ಹಾಕಿ ಓದಿದೆ. ಮೊದಲ ಪುಟದಲ್ಲಿ ದೊಡ್ಡ ಸೂರ್ಯ, ನಗುವ ಸಂಸಾರ. ಎರಡನೇ ಪುಟದಲ್ಲಿ 25 ವರ್ಷದ ವಾರಂಟಿ, ದಪ್ಪ ಅಕ್ಷರ. ಮೂರನೇ ಪುಟದ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ: ಜಿಎಸ್‌ಟಿ ಪ್ರತ್ಯೇಕ. ಸ್ಟ್ರಕ್ಚರ್ ಎತ್ತರ ಬೇಕಾದರೆ ಪ್ರತ್ಯೇಕ. ಅರ್ಥಿಂಗ್, ಮಿಂಚಿನ ರಕ್ಷೆ ಪ್ರತ್ಯೇಕ. ನೆಟ್ ಮೀಟರ್, ಅಂದರೆ ಲೈನಿಗೆ ಕೊಟ್ಟದ್ದು ತಗೊಂಡದ್ದು ಎರಡೂ ಅಳೆಯುವ ಮೀಟರ್, ಅದರ ಖರ್ಚು 'ಆ್ಯಸ್ ಪರ್ ಆ್ಯಕ್ಚುಯಲ್'. ಈ ಕೊನೆಯ ಮೂರು ಪದಕ್ಕೆ ಕನ್ನಡದಲ್ಲಿ 'ದೇವರೇ ಬಲ್ಲ' ಅಂತಾರೆ. ಎಲ್ಲ ಕೂಡಿಸಿದರೆ 2 ಲಕ್ಷ ದಾಟಿತು. 25 ವರ್ಷದ ವಾರಂಟಿಯೂ ಪ್ಯಾನಲ್ ಇಷ್ಟು ಕರೆಂಟು ಕೊಡುತ್ತೆ ಅನ್ನೋದಕ್ಕೆ. ಪ್ಯಾನಲ್ಲಿನ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಇನ್ವರ್ಟರಿಗೆ ಐದೇ ವರ್ಷ.

ಇನ್ನೂ ಒಂದು ಇತ್ತು. ಸಬ್ಸಿಡಿ ಸಿಗಬೇಕಾದರೆ ಪ್ಯಾನಲ್ಲು, ಅದರೊಳಗಿನ ಸೆಲ್ಲು ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಡಿಸಿಆರ್ ಅಂತಾರೆ. ಆ ಮೂರಕ್ಷರ ಈ ಕೊಟೇಶನ್ನಿನಲ್ಲಿ ಎಲ್ಲೂ ಇರಲಿಲ್ಲ. ಕೇಳಿದರೆ, "ಕಾಕಾ, ಮಾಲ್ ಬರಾಬರ್ ಅದ. ಖಾಲಿ ಡಿಸಿಆರ್ ಇಲ್ಲ, ಅಷ್ಟೇ" ಅಂದರು. 78 ಸಾವಿರದ 'ಅಷ್ಟೇ'.

ಇಷ್ಟು ಹೊತ್ತು ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವ್ವ, "ಕರೆಂಟ್ ಹೋದಾಗ ಫ್ಯಾನ್ ತಿರುಗ್ತದಲ?" ಅಂದಳು.

ಅದನ್ನು ನಾನು ಯಾರಿಗೂ ಕೇಳಿಯೇ ಇರಲಿಲ್ಲ. ತಿರುಗೋದೇ ಇರಲಿ ಅಂತ ಬೇಡಿಕೊಂಡು ಹುಡುಗನಿಗೆ ಮತ್ತೆ ಫೋನ್ ಮಾಡಿದೆ. ತಿರುಗೋದಿಲ್ಲ. ಈ ಮೂರೂ ಗ್ರಿಡ್‌ಗೆ, ಅಂದರೆ ಬೀದಿಯ ಕರೆಂಟ್ ಲೈನಿಗೆ, ಜೋಡಿಸುವ ಮಾದರಿ. ಲೈನಿನಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ತಾನೂ ಬಂದ್ ಆಗುತ್ತೆ. ಇಲ್ಲದಿದ್ದರೆ ನಮ್ಮ ಮಾಳಿಗೆಯ ಕರೆಂಟು ತಂತಿಗೆ ಹರಿದು, ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ಹೊಡೆಯುತ್ತೆ. ನ್ಯಾಯವಾದ ಮಾತು. ಅವ್ವನಿಗೆ ಒಪ್ಪಿಸೋದು ಹೇಗೆ?

"ಸೂರ್ಯಪ್ಪ ನೆತ್ತಿ ಮ್ಯಾಲ ಅದಾನ. ತಗಡು ಮಾಳಗಿ ಮ್ಯಾಲ ಅದಾವ. ಎರಡು ಲಕ್ಷ ಅವರ ಕಿಸೆದಾಗ ಅದಾವ. ನಾ ಬೀಸಣಗಿ ಹಿಡ್ಕೊಂಡು ಕೂಡಬೇಕು. ಹೌದಲ?"

ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ. ವಿಷಯ ಬದಲಿಸಲು, ಸ್ಟ್ರಕ್ಚರ್ ಎಂಟು ಅಡಿ ಎತ್ತರಿಸಿದರೆ ಪ್ಯಾನಲ್ ಕೆಳಗೆ ಜಾಗ ಹಾಗೇ ಇರುತ್ತೆ, ನಿನ್ನ ಸಂಡಿಗೆ ಅಲ್ಲೇ ಹಾಕಬಹುದು, ತಂಪಾಗಿರುತ್ತೆ ಅಂದೆ. ಅವ್ವ ಹುಣಸೆಹಣ್ಣು ಕೆಳಗಿಟ್ಟಳು. "ನೆಳ್ಳಾಗ ಸಂಡಿಗಿ ಒಣಗಿದ್ದು ಎಲ್ಲಿ ನೋಡೀದಿ ನೀ?" ಅಂದಳು.

ಕೊನೆಗೆ ನಮ್ಮ ಮನೆ ವೈರಿಂಗ್ ಮಾಡಿದ ಹಳೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಮಾರುವವನಲ್ಲ, ಖರೆ ಹೇಳ್ತಾನೆ ಅಂತ. ಮಾಳಿಗೆ ಹತ್ತಿದ, ಟ್ಯಾಂಕ್ ನೋಡಿದ, ಆರು ಡಬ್ಬಿ ನೋಡಿದ. ನೆರಳೇ ಬೀಳಲ್ಲ, ನಾನೇ ಕಣ್ಣಾರೆ ನೋಡಿದ್ದೀನಿ ಅಂದೆ. ಯಾವಾಗ ನೋಡಿದಿರಿ ಅಂತ ಕೇಳಿದ. ಹೇಳಿದೆ. ಅವನು ನಕ್ಕ ನಗು ಮೇಷ್ಟ್ರ ಮನೆಗೂ ಕೇಳಿಸಿರಬೇಕು. ಮೇ ಎರಡನೇ ವಾರ ಕಲಬುರಗಿಯಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಆ ಹೊತ್ತಿಗೆ ಟ್ಯಾಂಕಿಗೇನು, ಶರಣಬಸವೇಶ್ವರರ ಗುಡಿ ಶಿಖರಕ್ಕೂ ನೆರಳು ಕಾಣೋದಿಲ್ಲ. ಹುಡುಗ ಬಂದದ್ದು ಸರಿಯಾಗಿ ಅದೇ ಹೊತ್ತಿಗೆ. "ಡಿಸೆಂಬರ್‌ದಾಗ ನಾಕ್ ಗಂಟೆಕ್ಕ ಬಂದು ನೋಡ್ರಿ ಸಾಹೇಬ್ರ, ಟ್ಯಾಂಕಿನ ನೆಳ್ಳು ಇಲ್ಲಿಂದ ಅಲ್ಲೀಮಟ ಮಲಗಿರ್ತದ."

ಆಮೇಲೆ ಅವನೂ ಬಿಲ್ ಕೇಳಿದ. ನಾನು ಆ 2,540ರದ್ದನ್ನು ತೆಗೆಯುವಷ್ಟರಲ್ಲಿ ಹೆಂಡತಿ ಇಡೀ ಫೈಲೇ ತಂದು ಅವನ ಮುಂದಿಟ್ಟಳು. ಅವನು ಒಂದೊಂದೇ ತಿರುವಿದ. ಜನವರಿ ಸೊನ್ನೆ. ಅಕ್ಟೋಬರ್ ಸೊನ್ನೆ. ಒಟ್ಟು ಒಂಬತ್ತು ಸೊನ್ನೆ, ಬೇಸಿಗೆಯ ಮೂರು ಬಿಲ್ಲು. ಉಳಿಯೋದು ವರ್ಷಕ್ಕೆ ಏಳೂವರೆ ಸಾವಿರ, ಹಾಕೋದು ಒಂದು ಲಕ್ಷದ ಏಳು ಸಾವಿರ. ಕ್ಯಾಲೆಂಡರಿನ ಮೂಲೆಯಲ್ಲಿ ಭಾಗಾಕಾರ ಮಾಡಿದೆ. ಹುಡುಗನ ಮೂರೂವರೆ ವರ್ಷ ಹೋಗಿ 14 ಆಯಿತು, ರಾಮನ ವನವಾಸದಷ್ಟು. ಹೆಚ್ಚಾದ ಕರೆಂಟನ್ನು ನಮ್ಮ ಭಾಗದ ಕರೆಂಟ್ ಕಂಪನಿ ಜೆಸ್ಕಾಂ ತಗೊಂಡು ಕೊಡುವ ದುಡ್ಡು ಸೇರಿಸಿದರೆ ಒಂದೆರಡು ವರ್ಷ ಮೊದಲೇ ಅಯೋಧ್ಯೆಗೆ ಬರಬಹುದು.

"ತಿಂಗಳ ತಿಂಗಳ ಬಿಲ್ ಬರೋರ ಮನಿಗಿ ಛಲೋ ಅದ್ರಿ ಇದು" ಅಂದ ಎಲೆಕ್ಟ್ರಿಷಿಯನ್. "ನಿಮಗ ಯಾಕ್ರಿ?"

ಹೆಂಡತಿ ನನ್ನ ಕಡೆ ನೋಡಲಿಲ್ಲ. ಸುಮ್ನೆ ಫೈಲ್ ಮುಚ್ಚಿ ಒಳಗೆ ಒಯ್ದಳು. ನೋಡಿದ್ದರೇ ಒಳ್ಳೇದಿತ್ತು.

ಕೊಟೇಶನ್‌ಗಳ ಮೇಲೆ 'ಹದಿನೈದು ದಿನದ ಒಳಗೆ' ಅಂತ ಬರೆದಿತ್ತು. ಹದಿನೈದನೇ ದಿನ ಸಂಜೆ ಹುಡುಗನ ಫೋನ್ ಬಂತು. ನಾನು ಮಾಳಿಗೆ ಮೇಲಿದ್ದೆ, ಅವ್ವನ ಕಾವಲು ಕೆಲಸ, ಕಾಗೆ ಓಡಿಸಲು.

"ಸರ್, ಮತ್ತೇನ್ ಮಾಡಿದ್ರಿ? ಆ ಆರು ಡಬ್ಬಿ ಇನ್ನ ಅದಾವೇನ್ರಿ?"

ಅವನ ಇಟ್ಟಂಗಿ ಗೆರೆ ಹಾಗೇ ಇದ್ದವು. ಅಳಿಸಬೇಡ, ಸೀರೆ ಹಾಸಲು ಅಳತೆ ಬರಾಬರ್ ಆಗ್ತದೆ ಅಂತ ಅವ್ವನ ಅಪ್ಪಣೆ.

"ಅದಾವಪಾ" ಅಂದೆ. "ಐದರಾಗ ಸಂಡಿಗಿ ಒಣಗಾಕತ್ತಾವ. ಆರನೇದರಾಗ ಟ್ಯಾಂಕಿನ ನೆಳ್ಳು ಕುಂತದ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಒಣಗಿದ ಮ್ಯಾಲ ಫೋನ್ ಮಾಡ್ರಿ ಸರ್, ನಮ್ಮ ಅವ್ವ ಒಂದು ಕಿಲೋ ಬೇಕಂತಾಳ. ಭಾವ ಏನು ಅಂತ ಅಮ್ಮಾರಿಗಿ ಕೇಳ್ರಿ" ಅಂದ.

ಕೆಳಗಿಳಿದು ಅವ್ವನಿಗೆ ಕೇಳಿದೆ. "ಹದಿನೇಳರ ರೊಕ್ಕ ಪ್ರತ್ಯೇಕ ಅಂತ ಹೇಳು" ಅಂದಳು.